ಕ್ಯೋಟೋದಲ್ಲಿ ಅಮ್ಮ ಕೊನೆಗೂ ಹೊಟ್ಟೆ ತುಂಬ ಉಂಡ ಜಾಗ: ತೆನ್‌ರ್ಯೂಜಿಯ ಶಿಗೆತ್ಸು

ಕ್ಯೋಟೋಗೆ ಹೊರಟಿರೋ ವೆಜಿಟೇರಿಯನ್‌ಗಳು ಮೊದಲು ಒಂದು ಪದ ಕಲ್ತುಕೊಳ್ಳಿ, ದಾಶಿ. ಅಲ್ಲಿ ಸೂಪು, ನೂಡಲ್ಸು, ಬೇಯಿಸಿದ ತರಕಾರಿ ಯಾವುದಕ್ಕೇ ಆಗ್ಲಿ ಇದೇ ತಳಪಾಯ, ಸಾಮಾನ್ಯವಾಗಿ ಹೊಗೆಯಲ್ಲಿ ಒಣಗಿಸಿದ ಬೊನಿಟೋ ಮೀನಿನ ಚೂರು ಹಾಕಿ ತೆಗೆದ ರಸ. ಮೇಲೆ ಬರೀ ತೋಫು ಸೊಪ್ಪು ಕಾಣ್ಸತ್ತೆ, ಒಳಗೆ ಮೀನು. ನಾವು ಹೋದ ಎರಡನೇ ದಿನ ಒಂದು ನೂಡಲ್ಸ್ ಅಂಗಡೀಲಿ ಮಾಂಸ ಮೀನು ಏನೂ ಇಲ್ಲ ತಾನೆ ಅಂತ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರಿಸಿ, ಅವರು ಹೂಂ ಅಂದ್ಮೇಲೇನೇ ತಗೊಂಡಿದ್ದು, ಅಮ್ಮ ಎರಡು ಚಮಚ ಕುಡಿದು ಬಟ್ಟಲು ದೂರ ಇಟ್ರು. ಆಮೇಲೆ ಅವರಿಗೆ ಬಾಳೆಹಣ್ಣು, ಮೊಸರು, ಮೈಸೂರಿಂದ ತಂದಿದ್ದ ಚಟ್ನಿಪುಡಿ ಅನ್ನ ಇಷ್ಟೇ. ಊರು ಅಷ್ಟು ಚೆನ್ನಾಗಿದೆ, ಅಮ್ಮ ಮಾತ್ರ ಅರೆಹೊಟ್ಟೆ, ನಂಗೆ ತುಂಬಾ ಸಂಕಟ ಆಗಿತ್ತು.

ಹಾಗಾಗಿ ನಾಲ್ಕನೇ ದಿನ ಅರಾಶಿಯಾಮಾ ಕಡೆ ತೆನ್‌ರ್ಯೂಜಿ ದೇವಸ್ಥಾನದೊಳಗೇ ಇರೋ ಶಿಗೆತ್ಸು ಅನ್ನೋ ರೆಸ್ಟೋರೆಂಟ್‌ಗೆ ಕರ್ಕೊಂಡ್ ಹೋದೆ. ಇಲ್ಲಿ ಬಡಿಸೋದು ಶೋಜಿನ್ ರ್ಯೋರಿ, ಅಂದ್ರೆ ಝೆನ್ ಮಠಗಳ ಊಟ. ಮಾಂಸ, ಮೀನು, ಮೊಟ್ಟೆ ಇರಲ್ಲ, ಜೊತೆಗೆ ಈರುಳ್ಳಿ ಬೆಳ್ಳುಳ್ಳಿ ಥರ ಘಾಟು ಇರೋವೂ ಇರಲ್ಲ! ಇಲ್ಲಿ ದಾಶಿ ತೆಗೆಯೋದು ಕೊಂಬು ಅನ್ನೋ ಕಡಲ ಪಾಚಿ ಮತ್ತೆ ಒಣಗಿದ ಶಿಟಾಕೆ ಅಣಬೆಯಿಂದ. ಇದನ್ನ ಹೇಳಿದಾಗ ಅಮ್ಮ "ಹಾಗಾದ್ರೆ ನಮ್ಮ ಮಠದ ಊಟಾನೇ ಅಲ್ವೇನೋ" ಅಂದ್ರು. ಶೋಜಿನ್ ಅನ್ನೋ ಪದ ಬೌದ್ಧ ಗ್ರಂಥಗಳಲ್ಲಿ ನಮ್ಮ ಸಂಸ್ಕೃತದ ವೀರ್ಯ, ಅಂದ್ರೆ ಸಾಧನೆಯಲ್ಲಿ ಬಿಡದೆ ತೊಡಗೋದು, ಅದಕ್ಕೆ ಬಳಸಿದ ಪದ, ಝೆನ್ ಕೂಡ ಧ್ಯಾನದಿಂದ ಬಂದಿದ್ದು. ದೇವಸ್ಥಾನದ ಒಳಗೆ ಕಾಲಿಡ್ತಿದ್ದ ಹಾಗೇ ದೊಡ್ಡ ಕಣ್ಣಿನ ದರುಮಾ ಚಿತ್ರ ಇದೆ, ಅದು ಬೋಧಿಧರ್ಮ, ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದವರು ಅಂತ ಪರಂಪರೆ ಹೇಳತ್ತೆ. ಅಮ್ಮ ಅದರ ಮುಂದೆ ಕೈ ಮುಗಿದು ನಿಂತ್ಬಿಟ್ರು.

ಊಟಕ್ಕೆ ಮೂರು ಬಗೆ, ಹಿಮ, ಚಂದ್ರ, ಹೂವು ಅಂತ ಹೆಸರು. ನಾವು ತಗೊಂಡಿದ್ದು ಹಿಮ, ಒಂದು ಸೂಪು ಐದು ಬಗೆ. ಚಾಪೆ ಹಾಸಿದ ದೊಡ್ಡ ಕೋಣೆ, ಕೆಂಪು ಜಮಖಾನ, ಎಲ್ಲಾರೂ ಸಾಲಾಗಿ ನೆಲದ ಮೇಲೆ, ನಮ್ಮ ಪಂಕ್ತಿ ಥರಾನೇ. ಕೆಂಪು ಅರಗಿನ ಬಣ್ಣದ ತಟ್ಟೇಲಿ ಅಂಗೈಯಗಲದ ಬಟ್ಟಲುಗಳು ಬರತ್ತೆ, ಒಂದೊಂದರಲ್ಲೂ ಎರಡು ಮೂರು ತುತ್ತಷ್ಟೇ. ಗೋಮಾ ದೋಫು ಬಗ್ಗೆ ಹೇಳ್ಲೇಬೇಕು, ಹೆಸರು ತೋಫು ಅಂತಿದ್ರೂ ಸೋಯಾ ಅಲ್ಲ, ಎಳ್ಳನ್ನ ನುಣ್ಣಗೆ ಅರೆದು ಕುಜು ಅನ್ನೋ ಬಳ್ಳಿಯ ಬೇರಿನ ಹಿಟ್ಟಿನ ಜೊತೆ ಕೈಬಿಡದೆ ಕದಡಿ ಗಟ್ಟಿ ಮಾಡೋದು. ಬಾಯಲ್ಲಿಟ್ರೆ ಸಿಹಿ ಹಾಕದ ಹಾಲುಬಾಯಿ, ಆಮೇಲೆ ನಿಧಾನಕ್ಕೆ ಎಳ್ಳಿನ ಪರಿಮಳ ಮೂಗಿಗೆ ಬರತ್ತೆ. ನಾವು ಹೋಗಿದ್ದು ಡಿಸೆಂಬರ್ ಮೊದಲ ವಾರ, ಆ ಕಾಲದ ಮೂಲಂಗಿ, ಕೆಸುವಿನ ಗೆಡ್ಡೆ ಬೇಯಿಸಿ ಕೊಟ್ಟಿದ್ರು, ಗೆಡ್ಡೆ ಬೆಣ್ಣೆ ಥರ ಕರಗ್ತಿತ್ತು, ಒಂಚೂರೂ ತುರಿಕೆ ಇಲ್ಲ. ಗೋಧಿಯ ಅಂಟಿನಿಂದ ಮಾಡೋ ನಾಮಾಫು ಮೇಲೆ ಸಿಹಿ ಮಿಸೊ (ಸೋಯಾ ಹುದುಗಿಸಿ ಮಾಡೋ ಗಟ್ಟಿ ಪೇಸ್ಟು), ಎಳ್ಳು ಕಲಸಿದ ಸೊಪ್ಪು, ಉಪ್ಪಿನಕಾಯಿ, ಅನ್ನ.

ಒಗ್ಗರಣೆ ಇಲ್ಲ, ಖಾರ ಇಲ್ಲ, ಅದು ಮೊದಲೇ ಗೊತ್ತಿರ್ಲಿ, ಬೇಗ ಬೇಗ ತಿಂದ್ರೆ ಸಪ್ಪೆ ಅನ್ನಿಸತ್ತೆ. ಅಮ್ಮ ಬ್ಯಾಗಿಂದ ಚಟ್ನಿಪುಡಿ ಡಬ್ಬಿ ತೆಗೀತಾರೇನೋ ಅಂತ ನೋಡ್ತಿದ್ದೆ, ತೆಗೀಲಿಲ್ಲ, ಒಂದಗುಳೂ ಬಿಡದೆ ಮುಗಿಸಿದ್ರು. ಬೆಲೆ ಮೂರು ಸಾವಿರ ಯೆನ್ ದಾಟತ್ತೆ, ಮೇಲೆ ದೇವಸ್ಥಾನದ ತೋಟದ ಟಿಕೆಟ್ ಬೇರೆ ತಗೋಬೇಕು, ಕಮ್ಮಿಯೇನಲ್ಲ, ಆದ್ರೂ ನನ್ನ ಪ್ರಕಾರ ಆ ಟ್ರಿಪ್‌ನಲ್ಲಿ ಸಾರ್ಥಕ ಅನ್ನಿಸಿದ ದುಡ್ಡು ಇದೇ.

ಊಟ ಆದ್ಮೇಲೆ ಆ ತೋಟದಲ್ಲಿರೋ ಸೋಗೆನ್‌ಚಿ ಕೊಳದ ಮುಂದೆ ಕೂರದೆ ಬರಬೇಡಿ. 1339ರಲ್ಲಿ ಅಶಿಕಾಗಾ ತಕಾಉಜಿ ಅನ್ನೋ ಸೇನಾಪತಿ ಈ ದೇವಸ್ಥಾನ ಕಟ್ಟಿಸೋಕೆ ಶುರು ಮಾಡಿದ್ದು ಗೋ-ದೈಗೋ ಚಕ್ರವರ್ತಿಯ ಆತ್ಮಶಾಂತಿಗೆ, ಯಾರನ್ನ ತಾನೇ ಯುದ್ಧ ಮಾಡಿ ಕ್ಯೋಟೋದಿಂದ ಓಡಿಸಿದ್ನೋ ಅವರಿಗೆ! ದುಡ್ಡು ಸಾಲದೆ ಚೀನಾಕ್ಕೆ ವ್ಯಾಪಾರದ ಹಡಗು ಕಳಿಸಿ ಬಂದ ಲಾಭದಲ್ಲಿ ಕೆಲಸ ಮುಗಿಸಿದ್ರು. ಕಟ್ಟಡಗಳು ಮತ್ತೆ ಮತ್ತೆ ಬೆಂಕಿಗೆ ಹೋಗಿವೆ, ಈಗಿರೋವು ಹೆಚ್ಚಿನವು ಮೇಜಿ ಕಾಲದವು (1868ರಿಂದ 1912), ಆದ್ರೆ ಮುಸೋ ಸೊಸೆಕಿ ಅನ್ನೋ ಗುರುಗಳು ರೂಪಿಸಿದ ಕೊಳ ಸುಮಾರು 700 ವರ್ಷದಿಂದ ಹಾಗೇ ಇದೆ. ಹಿಂದಿನ ಬೆಟ್ಟಾನೂ ತೋಟದ್ದೇ ಭಾಗ ಅನ್ನೋ ಹಾಗೆ ಜೋಡಿಸಿದ್ದಾರೆ, ಗೋಡೆ ಎಲ್ಲಿ ಮುಗೀತು ಕಾಡು ಎಲ್ಲಿ ಶುರುವಾಯ್ತು ಕಣ್ಣಿಗೆ ಸಿಗಲ್ಲ. ಮೇಪಲ್ ಎಲೆ ಬಹಳಷ್ಟು ಉದುರಿ ನೀರಿನ ಅಂಚಲ್ಲಿ ಕೆಂಪಗೆ ಹರಡಿತ್ತು, ಜಗಲಿ ಮೇಲೆ ಅಷ್ಟು ಜನ ಕೂತಿದ್ರೂ ಯಾರೂ ಜೋರಾಗಿ ಮಾತಾಡ್ತಿರ್ಲಿಲ್ಲ. ನಾವೂ ಮುಕ್ಕಾಲು ಗಂಟೆ ಸುಮ್ನೆ ಕೂತಿದ್ವಿ.

ಹೋಗೋರಿಗೆ: ಕ್ಯೋಟೋ ಸ್ಟೇಷನ್‌ನಿಂದ ಜೆಆರ್ ಸಾಗಾನೋ ಲೈನ್ ಹಿಡಿದು ಸಾಗಾ-ಅರಾಶಿಯಾಮಾದಲ್ಲಿ ಇಳೀರಿ, ಇಪ್ಪತ್ತು ನಿಮಿಷಾನೂ ಆಗಲ್ಲ, ಅಲ್ಲಿಂದ ನಡ್ಕೊಂಡೇ ಹೋಗ್ಬೋದು. ಶಿಗೆತ್ಸುಲಿ ಮಧ್ಯಾಹ್ನದ ಊಟ ಮಾತ್ರ, 11ರಿಂದ 2. ಮಂಡಿ ನೋವಿರೋರು ಜೊತೇಲಿದ್ರೆ ಕೂರೋ ವ್ಯವಸ್ಥೆ ಬಗ್ಗೆ ಮುಂಚೇನೇ ಕೇಳ್ಕೊಳ್ಳಿ. ಪ್ರಸಿದ್ಧ ಬಿದಿರು ತೋಪು ದೇವಸ್ಥಾನದ ಉತ್ತರ ಬಾಗಿಲ ಪಕ್ಕಾನೇ ಇದೆ, ಊಟ ಮುಗಿಸಿ ಹೋದ್ರೆ ಅಲ್ಲಿ ಬರೀ ಜನ, ಬೆಳಗ್ಗೆ ಏಳು ಗಂಟೆಗೇ ಹೋಗಿ ಬಿದಿರು ನೋಡ್ಕೊಂಡು, 8:30ಕ್ಕೆ ತೋಟ ತೆಗೆದ ತಕ್ಷಣ ಒಳಗೆ ಬಂದುಬಿಡಿ. ನಮಗೆ ಇದು ಗೊತ್ತಾಗಿದ್ದು ವಾಪಸ್ ಬರೋವಾಗ, ಮುಂದಿನ ಸಲ ಅಪ್ಪನ್ನೂ ಕರ್ಕೊಂಡ್ ಬಂದು ಚಂದ್ರ ಊಟಕ್ಕೆ ಮೊದಲೇ ಬುಕ್ ಮಾಡ್ಬೇಕು ಅಂತ ಅಮ್ಮ ಟ್ರೇನಲ್ಲೇ ಹೇಳಿಟ್ಟಿದ್ದಾರೆ.