ಅಮಾನತಿನ ಹಿಂದಿನ ಕಾರಣ: ಎನ್‌ಎಚ್‌ಎಲ್ ಆಟಗಾರರ ಸುರಕ್ಷತಾ ವಿಭಾಗದ ವಿಡಿಯೊ ಸೇವೆಯ ವಿಮರ್ಶೆ

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯ ಅಗ್ರ ಲೀಗ್ ಆಗಿರುವ ಎನ್‌ಎಚ್‌ಎಲ್, ಎದುರಾಳಿಗೆ ಅಪಾಯಕಾರಿಯಾಗಿ ಗುದ್ದಿದ ಆಟಗಾರನನ್ನು ಅಮಾನತುಗೊಳಿಸಿದಾಗ ಬರೀ ಆದೇಶ ಹೊರಡಿಸಿ ಕೈತೊಳೆದುಕೊಳ್ಳುವುದಿಲ್ಲ. ಅದರ ಆಟಗಾರರ ಸುರಕ್ಷತಾ ವಿಭಾಗವು ಘಟನೆಯ ದೃಶ್ಯವನ್ನೂ ಶಿಕ್ಷೆಯ ಕಾರಣವನ್ನೂ ಸೇರಿಸಿ ಕೆಲವೇ ನಿಮಿಷಗಳ ವಿಡಿಯೊ ತಯಾರಿಸಿ, ಲೀಗಿನ ಜಾಲತಾಣದಲ್ಲೂ ಯೂಟ್ಯೂಬಿನಲ್ಲೂ ಯಾರು ಬೇಕಾದರೂ ನೋಡುವಂತೆ ಪ್ರಕಟಿಸುತ್ತದೆ. 2011ರಲ್ಲಿ ವಿಭಾಗ ಆರಂಭವಾದಾಗಿನಿಂದ ನಡೆದುಬಂದಿರುವ ಈ ಉಚಿತ ಸೇವೆಯನ್ನು, ತೀರ್ಥಹಳ್ಳಿ ಸೀಮೆಯ ಕಬಡ್ಡಿ ಪಂದ್ಯಾವಳಿಗಳಲ್ಲಿ ತೀರ್ಪುಗಾರಿಕೆ ಮಾಡುವವರ ಕಣ್ಣಿನಿಂದ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮಲೆನಾಡಿಗೂ ಮಂಜುಗಡ್ಡೆಯ ಆಟಕ್ಕೂ ಏನು ಸಂಬಂಧ ಎಂದು ಕೇಳುವವರಿರಬಹುದು. ನಮ್ಮ ದೇಶದಲ್ಲಿ ಐಸ್ ಹಾಕಿ ಬೇರೂರಿರುವುದು ಲಡಾಖಿನಲ್ಲಿ. ಶಿವಮೊಗ್ಗದಲ್ಲಿ ಅದನ್ನು ಆಡಲು ಸಾಧ್ಯವೇ ಇಲ್ಲ. ಆದರೆ ಮೈಗೆ ಮೈ ತಾಗಿಸಿ ಆಡುವುದನ್ನು ನಿಯಮವೇ ಒಪ್ಪಿಕೊಂಡಿರುವ ಆಟಗಳಲ್ಲಿ ತೀರ್ಪುಗಾರನ ಕಷ್ಟ ಎಲ್ಲ ಕಡೆಯೂ ಒಂದೇ. ಕಬಡ್ಡಿಯಲ್ಲಿ ಗೆರೆಯ ಹತ್ತಿರ ರೈಡರ್‌ಗೆ ಡ್ಯಾಶ್ ಹೊಡೆಯುವುದು ಹೇಗೆ ಆಟದ ಭಾಗವೋ, ಐಸ್ ಹಾಕಿಯಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಹೊಂದಿರುವ ಎದುರಾಳಿಗೆ ಭುಜದಿಂದ ಗುದ್ದಿ ಅದನ್ನು ಕಸಿಯುವ ಬಾಡಿ ಚೆಕ್ ಕೂಡ ಹಾಗೆಯೇ ಆಟದ ಭಾಗ. ಗುದ್ದಿದ್ದು ತಪ್ಪೇ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಎಲ್ಲಿಗೆ, ಯಾವಾಗ, ಯಾವ ದಿಕ್ಕಿನಿಂದ, ಎಂಥ ಸ್ಥಿತಿಯಲ್ಲಿದ್ದವನಿಗೆ ಗುದ್ದಿದ ಎಂಬುದೇ ಪ್ರಶ್ನೆ. ಈ ನಾಲ್ಕನ್ನೂ ಬಿಡಿಸಿ ತೋರಿಸುವುದರಲ್ಲಿ ಈ ವಿಡಿಯೊಗಳಷ್ಟು ಚೊಕ್ಕವಾದ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಒಂದು ವಿಡಿಯೊ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾವ ತಂಡಗಳ ಪಂದ್ಯ, ಯಾರು ಯಾರಿಗೆ ಗುದ್ದಿದರು, ಎಷ್ಟು ಪಂದ್ಯಗಳ ಅಮಾನತು ಎಂಬುದನ್ನು ಮೊದಲೇ ತಿಳಿಸಲಾಗುತ್ತದೆ. ನಂತರ ಘಟನೆಯನ್ನು ಮೊದಲು ಅದರ ನಿಜವಾದ ವೇಗದಲ್ಲಿ, ಆಮೇಲೆ ನಿಧಾನಗತಿಯಲ್ಲಿ, ಲಭ್ಯವಿರುವ ಬೇರೆ ಬೇರೆ ಕ್ಯಾಮೆರಾ ಕೋನಗಳಿಂದ ತೋರಿಸುತ್ತಾರೆ. ಭುಜ ತಲೆಗೆ ತಾಗುವ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ, ಯಾವ ನಿಯಮ ಮುರಿಯಿತು ಎಂದು ಹೆಸರಿಸುತ್ತಾರೆ. ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದರ ನಂತರ ಬರುತ್ತದೆ. ಗುದ್ದಿದ ಆಟಗಾರ ವಿಚಾರಣೆಯಲ್ಲಿ ಮುಂದಿಟ್ಟ ಸಮರ್ಥನೆಯನ್ನು, ಉದಾಹರಣೆಗೆ ಎದುರಾಳಿ ಕೊನೆಯ ಗಳಿಗೆಯಲ್ಲಿ ತಲೆ ತಗ್ಗಿಸಿದ ಎಂಬ ವಾದವನ್ನು, ಎತ್ತಿಕೊಂಡು ಅದು ಏಕೆ ಒಪ್ಪತಕ್ಕದ್ದಲ್ಲ ಎಂಬುದನ್ನು ಅದೇ ದೃಶ್ಯದಿಂದ ತೋರಿಸಿಕೊಡುತ್ತಾರೆ. ಕೊನೆಗೆ, ಪೆಟ್ಟು ತಿಂದವನಿಗೆ ಗಾಯವಾಗಿದೆಯೇ, ಹೊಡೆದವನ ಮೇಲೆ ಹಿಂದೆ ಶಿಸ್ತುಕ್ರಮ ಆಗಿತ್ತೇ ಎಂಬ ಎರಡು ವಿಷಯ ಹೇಳಿ ಮುಗಿಸುತ್ತಾರೆ. ಧ್ವನಿಯಲ್ಲಿ ಸಿಟ್ಟಾಗಲಿ ಉಪದೇಶವಾಗಲಿ ಇರುವುದಿಲ್ಲ. ಮೊದಲ ಮುಖ್ಯಸ್ಥ ಬ್ರೆಂಡನ್ ಶಾನಹನ್ ಅವರ ಕಾಲದಲ್ಲಿ ಸ್ವತಃ ಅವರೇ ಕ್ಯಾಮೆರಾ ಮುಂದೆ ನಿಂತು ವಿವರಿಸುತ್ತಿದ್ದರು. ಈಗ ತೆರೆಯ ಹಿಂದಿನ ಧ್ವನಿ ಮಾತ್ರ ಇರುವುದರಿಂದ ಗಮನವೆಲ್ಲ ದೃಶ್ಯದ ಮೇಲೆಯೇ ನಿಲ್ಲುತ್ತದೆ, ಇದು ಒಳ್ಳೆಯ ಬದಲಾವಣೆ.

ಈ ವ್ಯವಸ್ಥೆ ಹುಟ್ಟಿದ್ದು ಸುಮ್ಮನೆ ಅಲ್ಲ. 2004ರ ಮಾರ್ಚ್ 8ರಂದು ವ್ಯಾಂಕೂವರಿನಲ್ಲಿ ಟಾಡ್ ಬರ್ಟುಜಿ ಹಿಂದಿನಿಂದ ಹೊಡೆದು ಕೆಡವಿದಾಗ ಸ್ಟೀವ್ ಮೂರ್ ಅವರ ಕತ್ತಿನ ಮೂಳೆಗಳು ಮುರಿದವು, ಅವರು ಮತ್ತೆಂದೂ ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. 2010ರ ಮಾರ್ಚಿನಲ್ಲಿ ಮ್ಯಾಟ್ ಕುಕ್ ಅವರ ಗುದ್ದು ಬಾಸ್ಟನ್ ತಂಡದ ಮಾರ್ಕ್ ಸಾವಾರ್ಡ್ ಅವರ ತಲೆಗೆ ಬಿತ್ತು. ಕಾಣದ ಕಡೆಯಿಂದ ಬಂದು ತಲೆಗೆ ಭುಜ ತಾಗಿಸುವುದನ್ನು ನಿಷೇಧಿಸುವ ಪ್ರತ್ಯೇಕ ನಿಯಮವೇ ಆಗ ಇರಲಿಲ್ಲವಾದ್ದರಿಂದ ಕುಕ್ ಅವರಿಗೆ ಒಂದು ಪಂದ್ಯದ ಅಮಾನತೂ ಆಗಲಿಲ್ಲ. ಆ ಋತು ಮುಗಿಯುವ ಮೊದಲೇ ಲೀಗ್ ಅಂಥ ಗುದ್ದಿಗೆ ಶಿಕ್ಷೆ ಕೊಡುವ ದಾರಿ ಮಾಡಿಕೊಂಡಿತು, ಅದೇ ಮುಂದೆ 48ನೇ ನಿಯಮವಾಯಿತು. ಮರುವರ್ಷ ಅದನ್ನು ಎಲ್ಲ ದಿಕ್ಕುಗಳಿಂದ ಬರುವ ಗುದ್ದಿಗೂ ವಿಸ್ತರಿಸಲಾಯಿತು. ಮುಂದೆ ನಿಯಮದ ಮಾತನ್ನು ತಿದ್ದಿ, ಪೆಟ್ಟು ಮುಖ್ಯವಾಗಿ ತಲೆಗೇ ತಾಗಿದ್ದು, ಅದನ್ನು ತಪ್ಪಿಸಲು ಸಾಧ್ಯವಿತ್ತು ಎಂದಾದರೆ ಅದು ಅಪರಾಧ ಎಂದು ಮಾಡಲಾಯಿತು. ‘ತಪ್ಪಿಸಲು ಸಾಧ್ಯವಿತ್ತೇ’ ಎಂಬುದನ್ನು ತೂಗಲು ಗುದ್ದಿದವನ ಕೋನ ಮತ್ತು ಸಮಯ, ಅವನು ಅನಗತ್ಯವಾಗಿ ಮೇಲಕ್ಕೆ ಚಿಮ್ಮಿದನೇ ಎಂಬುದು, ಪೆಟ್ಟು ತಿಂದವನು ಗುದ್ದಿಗೆ ಮುಂಚೆ ತನ್ನ ಮೈಯನ್ನು ಥಟ್ಟನೆ ತಿರುಗಿಸಿದನೇ ಎಂಬುದು ಲೆಕ್ಕಕ್ಕೆ ಬರುತ್ತವೆ. ವಿಡಿಯೊಗಳನ್ನು ಒಂದರ ಹಿಂದೊಂದು ನೋಡುತ್ತ ಹೋದಂತೆ ನಿಯಮಪುಸ್ತಕದ ಈ ಒಣ ಸಾಲುಗಳು ಕಣ್ಣಿಗೆ ಕಟ್ಟುತ್ತವೆ. ಸಾವಾರ್ಡ್ ಮಾತ್ರ 2011ರ ಜನವರಿಯ ನಂತರ ಮರಳಿ ರಿಂಕಿಗೆ, ಅಂದರೆ ಮಂಜುಗಡ್ಡೆಯ ಅಂಕಣಕ್ಕೆ, ಇಳಿಯಲಿಲ್ಲ ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಸೇವೆಯ ಉತ್ತಮ ಮುಖ ಕಾಣಬೇಕಾದರೆ ಭಾರೀ ಶಿಕ್ಷೆಯ ಪ್ರಕರಣಗಳನ್ನು ನೋಡಬೇಕು. 2015ರಲ್ಲಿ ಸ್ಯಾನ್ ಹೋಸೆ ತಂಡದ ರಾಫಿ ಟಾರೆಸ್, ಪೂರ್ವಸಿದ್ಧತಾ ಪಂದ್ಯವೊಂದರಲ್ಲಿ ಯಾಕೊಬ್ ಸಿಲ್ಫರ್‌ಬರ್ಗ್ ಅವರ ತಲೆಗೆ ಗುದ್ದಿದಾಗ ಋತುವಿನ ಅರ್ಧದಷ್ಟು, ಅಂದರೆ 41 ಪಂದ್ಯಗಳ ಅಮಾನತು ವಿಧಿಸಲಾಯಿತು. ಇದೇ ಆಟಗಾರನಿಗೆ 2012ರಲ್ಲಿ ಮರಿಯನ್ ಹೋಸಾ ಅವರಿಗೆ ಗುದ್ದಿದ್ದಕ್ಕಾಗಿ 25 ಪಂದ್ಯಗಳ ಶಿಕ್ಷೆಯಾಗಿ, ಮೇಲ್ಮನವಿಯಲ್ಲಿ ಅದು 21ಕ್ಕೆ ಇಳಿದಿತ್ತು. ಹಿಂದಿನ ದಾಖಲೆಯನ್ನು ಎಷ್ಟು ಭಾರವಾಗಿ ತೂಗಲಾಗುತ್ತದೆ ಎಂಬುದು ಇಲ್ಲಿ ನಿಚ್ಚಳವಾಗಿದೆ. 2018ರಲ್ಲಿ ವಾಷಿಂಗ್ಟನ್ ತಂಡದ ಟಾಮ್ ವಿಲ್ಸನ್ ಅವರಿಗೆ ಆಸ್ಕರ್ ಸುಂಡ್‌ಕ್ವಿಸ್ಟ್ ಮೇಲಿನ ಗುದ್ದಿಗಾಗಿ 20 ಪಂದ್ಯಗಳ ಅಮಾನತಾದಾಗಲೂ, 105 ಪಂದ್ಯಗಳ ಅವಧಿಯಲ್ಲಿ ಅದು ಅವರ ನಾಲ್ಕನೆಯ ಅಮಾನತು ಎಂಬುದೇ ಮುಖ್ಯ ಕಾರಣವಾಗಿತ್ತು. ಶಿಕ್ಷೆ ಹೆಚ್ಚೆಂದು ವಾದಿಸುವವರೂ ಇದ್ದಾರೆ. ಕಾರಣ ಎದುರಿಗಿರುವುದರಿಂದ ಅವರು ವಾದಿಸಬಲ್ಲರು.

ಇನ್ನು ದೊಡ್ಡ ಕೊರತೆಯ ಮಾತಿಗೆ ಬರುತ್ತೇನೆ. ಅಮಾನತು ಮಾಡಿದಾಗ ಇಷ್ಟು ವಿವರವಾಗಿ ಮಾತನಾಡುವ ವಿಭಾಗ, ಅಮಾನತು ಮಾಡದೆ ಬಿಟ್ಟಾಗ ಸಾಮಾನ್ಯವಾಗಿ ಮೌನ ವಹಿಸುತ್ತದೆ. ಬರೀ ದಂಡ ಹಾಕಿದ ಪ್ರಕರಣಗಳಲ್ಲೂ ಒಂದೆರಡು ಸಾಲಿನ ಪ್ರಕಟಣೆಗಿಂತ ಹೆಚ್ಚಿನದು ಸಿಗುವುದು ಅಪರೂಪ. ನೋಡುಗರಿಗೆ ವಿವರಣೆ ಅತ್ಯಗತ್ಯವಾಗಿ ಬೇಕಾಗುವುದು ಇಂಥ ಪ್ರಕರಣಗಳಲ್ಲಿಯೇ. 2021ರ ಮೇ 3ರಂದು ನ್ಯೂಯಾರ್ಕಿನಲ್ಲಿ ಇದೇ ವಿಲ್ಸನ್, ಮಂಜಿನ ಮೇಲೆ ಮುಖ ಕೆಳಗಾಗಿ ಬಿದ್ದಿದ್ದ ಪಾವೆಲ್ ಬುಚ್ನೆವಿಚ್ ಅವರಿಗೆ ಗುದ್ದಿ, ಬಳಿಕ ಆರ್ಟೆಮಿ ಪನಾರಿನ್ ಅವರನ್ನು ಎತ್ತಿ ಕೆಡವಿದರು. ಪನಾರಿನ್ ಆ ಋತುವಿನಲ್ಲಿ ಮತ್ತೆ ಆಡಲಾಗಲಿಲ್ಲ. ವಿಲ್ಸನ್ ಅವರಿಗೆ ಆದದ್ದು 5,000 ಡಾಲರ್ ದಂಡ ಮಾತ್ರ; ಅಮಾನತು ಇಲ್ಲ. ಎರಡು ದಿನ ಬಿಟ್ಟು ಅವೇ ತಂಡಗಳು ಮತ್ತೆ ಎದುರಾದಾಗ ಆಟ ಶುರುವಾದ ಕೂಡಲೇ ಹೊಡೆದಾಟ ಶುರುವಾಗಿ, ಮೊದಲ ಐದು ನಿಮಿಷದೊಳಗೆ ಆರು ಜಗಳಗಳು ನಡೆದವು. ನ್ಯೂಯಾರ್ಕ್ ರೇಂಜರ್ಸ್ ತಂಡವು ವಿಭಾಗದ ಮುಖ್ಯಸ್ಥ ಜಾರ್ಜ್ ಪ್ಯಾರೋಸ್ ಆ ಹುದ್ದೆಗೆ ಅರ್ಹರಲ್ಲ ಎಂದು ಬಹಿರಂಗ ಹೇಳಿಕೆ ಕೊಟ್ಟಿತು, ಅದಕ್ಕಾಗಿ ಲೀಗ್ ಆ ತಂಡಕ್ಕೆ 2,50,000 ಡಾಲರ್ ದಂಡ ವಿಧಿಸಿತು. ಕೆಳಗೆ ಬಿದ್ದವನಿಗೆ ಗುದ್ದಿದವನ ದಂಡದ ಐವತ್ತು ಪಟ್ಟು ದಂಡವನ್ನು ಅದನ್ನು ಪ್ರಶ್ನಿಸಿದವರು ತೆತ್ತರು. ಆ ಸಂಜೆಯೇ ಒಂದು ವಿಡಿಯೊ ಬಂದು, ‘ಇದು ದಂಡಕ್ಕೆ ತಕ್ಕ ಒರಟುತನ, ಅಮಾನತಿಗೆ ತಕ್ಕದ್ದಲ್ಲ, ಏಕೆಂದರೆ...’ ಎಂದು ಬಿಡಿಸಿ ಹೇಳಿದ್ದರೆ ಎಲ್ಲರೂ ಒಪ್ಪುತ್ತಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಸಿಟ್ಟು ರಿಂಕಿನೊಳಗೆ ಇಳಿದು ಲೆಕ್ಕ ತೀರಿಸುವುದಕ್ಕೆ ಅಷ್ಟು ಸಲೀಸಾಗಿ ಅವಕಾಶ ಸಿಗುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಎರಡನೆಯ ಆಕ್ಷೇಪ ಗಾಯವನ್ನು ಅಳತೆಗೋಲು ಮಾಡಿಕೊಂಡಿರುವ ಬಗ್ಗೆ. ಕೃತ್ಯ ನಿಯಮಬಾಹಿರ ಎಂದು ಮೊದಲು ನಿರ್ಧರಿಸಿದ ಮೇಲೆಯೇ ಗಾಯದ ಪ್ರಶ್ನೆ ಬರುತ್ತದೆ ಎಂಬುದು ನಿಜ. ಆದರೂ ಅದೇ ಗುದ್ದು, ಅದೇ ಕೋನ, ಅದೇ ವೇಗ ಇದ್ದಾಗ, ಪೆಟ್ಟು ತಿಂದವನು ಅದೃಷ್ಟವಶಾತ್ ಎದ್ದು ನಿಂತರೆ ಶಿಕ್ಷೆ ತಗ್ಗುವುದು ಸರಿಯೆನಿಸುವುದಿಲ್ಲ. ತಲೆಗೆ ಬಿದ್ದ ಪೆಟ್ಟಿನ ಪರಿಣಾಮ ಅದೇ ರಾತ್ರಿ ಗೊತ್ತಾಗಬೇಕೆಂದೇನೂ ಇಲ್ಲ. ಹೊಡೆದಾಟಕ್ಕೆಂದೇ ಹೆಸರಾಗಿದ್ದ ಡೆರೆಕ್ ಬೂಗಾರ್ಡ್ 2011ರಲ್ಲಿ ತಮ್ಮ 28ನೇ ವಯಸ್ಸಿನಲ್ಲಿ ತೀರಿಕೊಂಡ ಬಳಿಕ ಅವರ ಮೆದುಳನ್ನು ಪರೀಕ್ಷಿಸಿದಾಗ, ಪದೇ ಪದೇ ಪೆಟ್ಟು ಬೀಳುವುದರೊಂದಿಗೆ ತಳುಕು ಹಾಕಿಕೊಂಡಿರುವ ಸಿಟಿಇ ಎಂಬ ಕಾಯಿಲೆ ಪತ್ತೆಯಾಯಿತು. ನಮ್ಮ ಕಬಡ್ಡಿ ನಿಯಮಗಳಲ್ಲೂ ಗಾಯಕ್ಕೆ ಎಡೆಮಾಡುವ ಉಗ್ರ ಹಿಡಿತವನ್ನು ಫೌಲ್ ಎನ್ನಲಾಗಿದೆ. ಆದರೆ ರೈಡರ್‌ನ ಬಾಯಿ ಮುಚ್ಚುವುದು, ಕುತ್ತಿಗೆ ಹಿಸುಕುವುದು, ಕಾಲುಗಳಿಂದ ಕತ್ತರಿ ಹಾಕುವುದು ಇವೆಲ್ಲ ಗಾಯವಾಗಲಿ ಬಿಡಲಿ ಫೌಲೇ. ಈ ಎರಡನೆಯ ರೀತಿಯೇ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಹಣದ ಲೆಕ್ಕವನ್ನೂ ವಿಡಿಯೊದಲ್ಲೇ ಸೇರಿಸಿದ್ದರೆ ಚೆನ್ನಾಗಿತ್ತು. ಅಮಾನತಾದ ಆಟಗಾರ ಆ ಅವಧಿಯ ಸಂಬಳ ಕಳೆದುಕೊಳ್ಳುತ್ತಾನೆ, ಆ ಮೊತ್ತ ಸಂಕಷ್ಟದಲ್ಲಿರುವ ಆಟಗಾರರಿಗೆ ನೆರವಾಗುವ ನಿಧಿಗೆ ಹೋಗುತ್ತದೆ. ಹದಿನೆಂಟು ತಿಂಗಳೊಳಗೆ ಮತ್ತೆ ತಪ್ಪು ಮಾಡಿದವನಿಗೆ ಕಡಿತದ ದರ ಹೆಚ್ಚು. ಮೇಲ್ಮನವಿ ಮೊದಲು ಲೀಗಿನ ಆಯುಕ್ತರ ಬಳಿಗೆ, ಆರು ಪಂದ್ಯ ಅಥವಾ ಹೆಚ್ಚಿನ ಶಿಕ್ಷೆಯಾದರೆ ಅಲ್ಲಿಂದ ಸ್ವತಂತ್ರ ಮಧ್ಯಸ್ಥಗಾರರ ಬಳಿಗೆ ಹೋಗುತ್ತದೆ. ವಿಲ್ಸನ್ ಅವರ 20 ಪಂದ್ಯಗಳ ಶಿಕ್ಷೆಯನ್ನು ಮಧ್ಯಸ್ಥಗಾರ ಶ್ಯಾಮ್ ದಾಸ್ 14ಕ್ಕೆ ಇಳಿಸುವ ಹೊತ್ತಿಗೆ ವಿಲ್ಸನ್ ಆಗಲೇ 16 ಪಂದ್ಯ ಹೊರಗೆ ಕೂತಾಗಿತ್ತು. ಕಳೆದ ಸಂಬಳದಲ್ಲಿ ಒಂದಿಷ್ಟು ಹಿಂದೆ ಬಂದರೂ ಕಳೆದ ಪಂದ್ಯಗಳು ಬರುವುದಿಲ್ಲವಲ್ಲ. ಶಿಕ್ಷೆ ಬದಲಾದ ಮೇಲೆ ಹಳೆಯ ವಿಡಿಯೊದ ಜೊತೆಗೆ ಆ ತೀರ್ಪಿನ ಕಾರಣವನ್ನೂ ಅಷ್ಟೇ ಸರಳವಾಗಿ ವಿವರಿಸುವ ಹೊಸ ವಿಡಿಯೊ ಇರಬೇಕಿತ್ತು. ಅದಿಲ್ಲದೆ ಕತೆ ಅರ್ಧಕ್ಕೆ ನಿಂತಂತಾಗುತ್ತದೆ.

ಇಷ್ಟೆಲ್ಲ ಕೊರತೆಗಳಿದ್ದರೂ ಈ ಸೇವೆಯನ್ನು ನಮ್ಮ ಕಡೆಯ ಕ್ರೀಡಾಸಂಘಟಕರು ನೋಡಲೇಬೇಕು ಎಂದು ನಾನು ಒತ್ತಾಯಿಸುವುದಕ್ಕೆ ಕಾರಣವಿದೆ. ಮಳೆಗಾಲ ಮುಗಿದು ಗದ್ದೆ ಕೊಯ್ಲಾದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಊರುಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಸಾಲುಸಾಲಾಗಿ ನಡೆಯುತ್ತದೆ. ಅಂಥದ್ದೊಂದು ಪಂದ್ಯದಲ್ಲಿ, ಎರಡೂ ಕಾಲು ನೆಲ ಬಿಟ್ಟಿದ್ದ ರೈಡರ್‌ಗೆ ಸೀಟಿ ಊದಿದ ಮೇಲೆ ಡ್ಯಾಶ್ ಬಿತ್ತು. ಹುಡುಗ ಅಂಕಣದ ಆಚೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಬಿದ್ದು ಭುಜ ಜಾರಿಸಿಕೊಂಡ. ಸಂಘಟಕರು ಗುದ್ದಿದವನ ತಂಡವನ್ನೇ ಪಂದ್ಯಾವಳಿಯಿಂದ ಹೊರಗಿಟ್ಟು, ಮುಂದಿನ ವರ್ಷವೂ ಬರಬೇಡಿ ಎಂದು ಮೈಕಿನಲ್ಲಿ ಘೋಷಿಸಿದರು. ತಂಡದ ನಾಯಕ ವೇದಿಕೆಯ ಹತ್ತಿರ ಬಂದು, “ಎಂತ ತಪ್ಪಾಯ್ತು ಅಂತ ಒಂದು ಮಾತು ಹೇಳಿ ಮಾರಾಯ್ರೆ, ಆಮೇಲೆ ಹೊರಗೆ ಹಾಕಿ” ಎಂದು ಕೇಳಿದ. ಯಾರೂ ಹೇಳಲಿಲ್ಲ. ಆ ಪಂದ್ಯದ ಚಿತ್ರೀಕರಣ ಹತ್ತಾರು ಜನರ ಮೊಬೈಲಿನಲ್ಲಿತ್ತು. ಸೀಟಿ ಯಾವಾಗ ಊದಿತು, ರೈಡರ್‌ನ ಕಾಲು ಎಲ್ಲಿತ್ತು ಎಂದು ಅಲ್ಲಿಯೇ ತೋರಿಸಬಹುದಿತ್ತು. ತಪ್ಪು ಒಬ್ಬನದೋ ಏಳು ಜನರದೋ ಎಂಬುದೂ ಆಗ ತಾನಾಗಿ ತಿಳಿಯುತ್ತಿತ್ತು. ನ್ಯೂಯಾರ್ಕಿನ ಕಚೇರಿಯಲ್ಲಿ ಪ್ರತಿ ಪಂದ್ಯವನ್ನೂ ಕೂತು ನೋಡುವ ಸಿಬ್ಬಂದಿ ನಮ್ಮಲ್ಲಿಲ್ಲ, ಬೇಕಾಗಿಯೂ ಇಲ್ಲ. ಒಂದು ಮೊಬೈಲ್, ನಿಯಮದ ಒಂದು ಪುಟ, ಆರೋಪಿಯ ಮಾತು ಕೇಳುವ ಹತ್ತು ನಿಮಿಷದ ತಾಳ್ಮೆ ಇದ್ದರೆ ಸಾಕು.

ಬಳಕೆಯ ದೃಷ್ಟಿಯಿಂದ ಹೇಳುವುದಾದರೆ, ವಿಡಿಯೊಗಳು ಚಿಕ್ಕವಾದ್ದರಿಂದ ಆಗುಂಬೆಯ ಕಡೆಯ ದುರ್ಬಲ ನೆಟ್‌ವರ್ಕಿನಲ್ಲೂ ಹೇಗೋ ಓಡುತ್ತವೆ. ವಿವರಣೆ ಇಂಗ್ಲಿಷಿನಲ್ಲಿದ್ದರೂ ವಾಕ್ಯಗಳು ಚಿಕ್ಕವು, ಮಾತು ನಿಧಾನ. ಬೋರ್ಡಿಂಗ್ ಎಂದರೆ ರಕ್ಷಣೆಗೆ ಆಸ್ಪದವಿಲ್ಲದ ಎದುರಾಳಿಯನ್ನು ರಿಂಕಿನ ಸುತ್ತಲಿನ ಗೋಡೆಗೆ ಜೋರಾಗಿ ಬಡಿಯುವಂತೆ ಗುದ್ದುವುದು, ಕ್ರಾಸ್ ಚೆಕಿಂಗ್ ಎಂದರೆ ಎರಡೂ ಕೈಯಲ್ಲಿ ಹಿಡಿದ ಕೋಲಿನ ನಡುಭಾಗದಿಂದ ತಳ್ಳುವುದು ಎಂಬಷ್ಟು ತಿಳಿದಿದ್ದರೆ ಉಳಿದದ್ದು ದೃಶ್ಯದಿಂದಲೇ ಅರ್ಥವಾಗುತ್ತದೆ. ಪೆಟ್ಟಿನ ದೃಶ್ಯಗಳು ಮತ್ತೆ ಮತ್ತೆ ಬರುವುದರಿಂದ ಚಿಕ್ಕ ಮಕ್ಕಳಿಗೆ ತೋರಿಸಬಾರದು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಪೂರ್ತಿ ಅಂಕ, ಅಮಾನತಾಗದ ಪ್ರಕರಣಗಳ ಬಗೆಗಿನ ಮೌನಕ್ಕೆ.

ಹೊಸದಾಗಿ ನೋಡುವವರು 2018ರ ವಿಲ್ಸನ್ ಪ್ರಕರಣದಿಂದ ಆರಂಭಿಸಿ, ಆಮೇಲೆ 2015ರ ಟಾರೆಸ್ ಪ್ರಕರಣಕ್ಕೆ ಹೋಗಬಹುದು. ತೀರ್ಪುಗಾರರ ತರಬೇತಿಗೆ ಬಳಸುವವರು ಆರಂಭದ ಘೋಷಣೆಯನ್ನು ದಾಟಿಸಿ, ಧ್ವನಿಯಿಲ್ಲದೆ ದೃಶ್ಯವನ್ನಷ್ಟೇ ತೋರಿಸಿ, ಎಷ್ಟು ಪಂದ್ಯಗಳ ಶಿಕ್ಷೆ ಮತ್ತು ಯಾವ ಕಾರಣಕ್ಕೆ ಎಂಬುದನ್ನು ಪ್ರತಿಯೊಬ್ಬರೂ ಕಾಗದದ ಮೇಲೆ ಬರೆದ ಬಳಿಕ ಧ್ವನಿಯೊಂದಿಗೆ ಮತ್ತೊಮ್ಮೆ ಹಾಕಿದರೆ, ಚರ್ಚೆಗೆ ಒಂದು ಸಂಜೆ ಸಾಲುವುದಿಲ್ಲ.