ಎಣ್ಣಿ ಮೂಸಿಸಿ 3,800 ರೂಪಾಯಿ ಕಿತ್ತರು, ಕಲಬುರಗಿ ಮಂದಿ ಹುಷಾರ್ರಿ

ಹೇಳ್ಕೊಳ್ಳಾಕ ನಾಚಿಕಿ ಆಗ್ತದ, ಆದ್ರೂ ಬರಿಲಕತ್ತೀನಿ. ಮೂಸಿದ್ರ ನಾಡಿ ಇಳಿತದ, ಕೈ ಚುರುಕಾಗ್ತದ ಅಂತ ಮಾರೋ ನಾಲ್ಕು ಸಣ್ಣ ವಾಸನಿ ಎಣ್ಣಿ ಬಾಟ್ಲಿ, ಆ ವಾಸನಿ ಹೊಗಿ ಬಿಡೋ ಒಂದು ಡಬ್ಬಿ. 3,800 ರೂಪಾಯಿ ಎಣಿಸಿ ಕೊಟ್ಟು ಬಂದೀನಿ.

ನಾನು ಕಲಬುರಗಿ–ಜೇವರ್ಗಿ ಕ್ರೂಸರ್ ಗಾಡಿ ಹೊಡಿತೀನಿ. ಮೇ ತಿಂಗಳು, ಮಧ್ಯಾಹ್ನ ಎರಡರ ಬಿಸಿಲು. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಪಾವಟಿಗಿ ಹತ್ತಿ ಒಳಗ ಕಾಲಿಟ್ಟ ಕೂಡಲೇ ಬೆರಳಿಗಿ ಆಕ್ಸಿಮೀಟರ್ ಸಿಗಿಸಿದ್ರು. ನಾಡಿ 104. "ಅಣ್ಣಾರ, ನಿಮ್ಮ ಹಾರ್ಟ್ ಹ್ಯಾಂಗ ಓಡ್ಲಕತ್ತದ ನೋಡ್ರಿ!" ಅಂತ ಅಂಗಡಿ ಹುಡುಗ ಗಾಬರಿ ಮಾರಿ ಮಾಡ್ದ. ಆಮ್ಯಾಲ ಫೂಟ್‌ಪಟ್ಟಿ ಮ್ಯಾಲಿಂದ ಬಿಟ್ಟು ನನ್ನ ಕಡೆ ಹಿಡಿಸಿದ. 24 ಸೆಂಟಿಮೀಟರ್ ಜಾರಿದ ಮ್ಯಾಲ ಹಿಡಿದೆ. "ಡ್ರೈವರ್ ಮಂದಿಗಿ ಇಷ್ಟು ತಡ ಆದ್ರ ಹ್ಯಾಂಗ್ರಿ?" ಅಂದ. ಎದಿ ಧಸಕ್ ಅಂತು.

ಎಸಿ ಖೋಲಿದಾಗ ಕುಂದರಿಸಿ, ಲ್ಯಾವೆಂಡರ್ ಹೂವಿನ ಎಣ್ಣಿ ವಾಸನಿ ಬಿಟ್ಟು, ಕಣ್ಣು ಮುಚ್ಚಿ ಸಾವಕಾಶ ಉಸಿರು ತಗೋರಿ ಅಂದ್ರು. ಇಪ್ಪತ್ತು ನಿಮಿಷ. ನಾಡಿ 79. ಪಟ್ಟಿ ಹಿಡಿಯೋದು ನಾಕೈದು ಸಲ ಆದ ಮ್ಯಾಲ 16ಕ್ಕ ಬಂತು. ಕಣ್ಣಾರೆ ನೋಡೀನಲ್ಲ, ರೊಕ್ಕ ಕೊಟ್ಟೆ.

ಸಂಜಿಕ ಮಗಳಿಗಿ ಹೇಳಿದೆ. ಪಿಯುಸಿ ಸೈನ್ಸ್ ಓದ್ತಾಳ. ಏನೂ ಮಾತಾಡ್ಲಿಲ್ಲ. ಕೊರೊನಾ ಟೈಮಿನ ಆಕ್ಸಿಮೀಟರ್ ಹುಡುಕಿ ತಂದು, "ಅಪ್ಪಾ, ಮಾಳಗಿ ಮೂರು ಸಲ ಹತ್ತಿ ಇಳಿ" ಅಂದ್ಲು. ಇಳಿದಾಗ 101. ಫ್ಯಾನಿನ ಬುಡಕ ಇಪ್ಪತ್ತು ನಿಮಿಷ ಸುಮ್ಮನ ಕುಂತೆ. 77. ತನ್ನ ಕಂಪಾಸ್ ಡಬ್ಬಿ ಪಟ್ಟಿ ಬಿಟ್ಟು ಹಿಡಿಸಿದ್ಲು: 25, 22, 19, 17. ಎಣ್ಣಿ ಬಾಟ್ಲಿ ಮೇಜಿನ ಮ್ಯಾಲೇ ಇತ್ತು, ಮುಚ್ಚಳಾ ಸುದ್ದಾ ತೆಗೆದಿದ್ದಿಲ್ಲ. ಆಕಿ ನನ್ನ ಮಾರಿ ನೋಡಿದ್ಲು. ನಾನು ಆಕಿ ಮಾರಿ ನೋಡಲಿಲ್ಲ. ದಣಿದವ ಕುಂತ್ರ ನಾಡಿ ಇಳಿತದ, ರೂಢಿ ಆದ್ರ ಕೈ ಚುರುಕಾಗ್ತದ. ಇಷ್ಟೇ ಮಾರಿದ್ದು ನನಗ. ಇಷ್ಟೇ!

ರೊಕ್ಕ ವಾಪಸ್ ಕೇಳಲಾಕ ಅಂಗಡಿಗಿ ಫೋನ್ ಹಚ್ಚಿದೆ. ಮೊದಲು: "ನಂಬಿಕಿ ಇಟ್ಟು ಮೂಸಬೇಕ್ರಿ ಅಣ್ಣಾರ." ಎರಡನೇ ದಿನ: "21 ದಿನ ತುಂಬಲಿ." ಮೂರನೇ ದಿನ: "ಸೀಲ್ ಒಡದದ, ವಾಪಸ್ ಆಗಂಗಿಲ್ಲ." ಸೀಲ್ ಒಡದದ್ದು ಅವರೇ, ನನ್ನ ಎದುರೇ, ವಾಸನಿ ತೋರಿಸ್ಲಾಕ! ಬಿಲ್ ಅಂತ ಕೊಟ್ಟದ್ದು ಕೈಬರಹದ ಚೀಟಿ, ಜಿಎಸ್‌ಟಿ ನಂಬರಿಲ್ಲ. ಎಣ್ಣಿ ಒಂದು ಹನಿ ಪೇಪರ್ ಮ್ಯಾಲ ಬಿಟ್ಟಿದ್ದೆ. ಅಸಲಿ ಲ್ಯಾವೆಂಡರ್ ಎಣ್ಣಿ ಹೆಚ್ಚುಕಮ್ಮಿ ಹಾರಿಹೋಗ್ತದ. ಇದು ಮರುದಿನಾನೂ ಮಿರ್ಚಿ ಭಜಿ ಕಟ್ಟಿದ ಪೇಪರಿನಂಗ ಜಿಡ್ಡು ಮೂಡಿಸಿ ಕುಂತಿತ್ತು.

ಇದಕ್ಕಿಂತ ಸಿಟ್ಟು ಬರೋದು ಬ್ಯಾರೇದಕ್ಕ. ಡಬ್ಬಿ ಗಾಡ್ಯಾಗ ಇಡ್ರಿ, ಬ್ರೇಕಿಗಿ ಕಾಲು ಲಗೂನ ಹೋಗ್ತದ ಅಂದಿದ್ರು. ಮಗಳು ಹುಡುಕಿ ಓದಿದ್ಲು: ಇಂಗ್ಲೆಂಡಿನ ಮಾರ್ಕ್ ಮಾಸ್ ಮತ್ತವರ ಸಂಗಡಿಗರು 144 ಮಂದಿ ಮ್ಯಾಲ ನೋಡಿ 2003ರಾಗ ಬರೆದಾರ, ಲ್ಯಾವೆಂಡರ್ ಮೂಸಿದವರ ಪ್ರತಿಕ್ರಿಯೆ ವಾಸನಿ ಇಲ್ಲದ ಖೋಲ್ಯಾಗ ಕುಂತವರಿಗಿಂತ ನಿಧಾನ ಆಗಿತ್ತಂತ. ಚುರುಕಲ್ಲ, ನಿಧಾನ! 60ರ ಸ್ಪೀಡಿನಾಗ ಒಂದು ಸೆಕೆಂಡಿಗಿ ಗಾಡಿ 16 ಮೀಟರ್ ದಾಟಿ ಮುಂದ ಹೋಗಿರ್ತದ. ಊಟ ಆದ ಮ್ಯಾಲಿನ ಟ್ರಿಪ್, ಕಟ್ಟಿಸಂಗಾವಿ ಬ್ರಿಜ್, ಹಿಂದ ಹತ್ತು ಮಂದಿ. ಎರಡು ದಿನ ನಾನು ಆ ಡಬ್ಬಿ ಹಚ್ಚಿಕೊಂಡು ಹೋಗೀನಿ. ನೆನಸಿದ್ರ ಕೈ ನಡಗ್ತದ.

ವಾಸನಿ ಮೂಸಿದ್ರ ಮನಸ್ಸಿಗಿ ಹಾಯ್ ಅನಿಸ್ತದ, ಅದಕ್ಕ ನನ್ನ ತಕರಾರಿಲ್ಲ. ಆದ್ರ "ಅವ್ವಾರ ಬಿಪಿ ಗುಳಗಿ ಬಿಡಿಸ್ರಿ, ಇದೇ ಸಾಕು" ಅಂದ್ರಲ್ಲ! ಅವ್ವ ನನ್ನ ಮಾತು ಕೇಳಿ ಒಂಬತ್ತು ದಿನ ಗುಳಗಿ ಬಿಟ್ಟಾಳ. ತಲಿ ತಿರಗ್ತದ ಅಂದಾಗ ದವಾಖಾನಿಗಿ ಒಯ್ದೆ, 170/100. ಹೃದಯ, ಬಿಪಿಗಿ ಔಷಧ ಅಂತ ಜಾಹೀರಾತು ಮಾಡೋದಕ್ಕ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯಿದೆ ಅಡ್ಡ ಅದ. ಹಂಗ ಹೇಳಿ ಮಾರವರು ಬಂದ್ರ ಎದ್ದು ಬರ್ರಿ. ಪಕ್ಕಾ ಬಿಲ್ ಇಲ್ಲದೇ ರೊಕ್ಕ ಬಿಚ್ಚಬ್ಯಾಡ್ರಿ. ಮೋಸ ಆಗಿದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಹಚ್ರಿ, ನಾನೂ ಹಚ್ಚೀನಿ.

ನಿನ್ನೆ ಮತ್ತ ಅಂಗಡಿಗಿ ಫೋನ್ ಮಾಡ್ದೆ, ಎತ್ತಲಿಲ್ಲ. ಇವತ್ತು ಮುಂಜಾನಿ ಅವ್ವನ ಕೈಯಾಗ ಗುಳಗಿ ಇಟ್ಟು, ನುಂಗೋತನಕ ಅಲ್ಲೇ ನಿಂತು, ಆಮ್ಯಾಲ ಗಾಡಿ ತೆಗೆದೆ.