ಡೇಕೇರ್ ಮಗುವಿನ ಔಷಧ ಡಬ್ಬಿ: ಯಾವುದಕ್ಕೆ ದುಡ್ಡು ಹಾಕಬಹುದು, ಯಾವುದಕ್ಕೆ ಬೇಡ

ಡೇಕೇರ್‌ಗೆ ಸೇರಿದ ಮೊದಲ ವರ್ಷ ಮಗುವಿಗೆ 8ರಿಂದ 12 ಸಲ ನೆಗಡಿಯಾದರೂ ಮಕ್ಕಳ ವೈದ್ಯರು ಹುಬ್ಬೇರಿಸುವುದಿಲ್ಲ. ಒಂದು ನೆಗಡಿ ಇಳಿಯಲು ವಾರ, ಹತ್ತು ದಿನ ಬೇಕು. ಅದು ಬಿಟ್ಟುಹೋಗುವ ಕೆಮ್ಮು ಮೂರು ವಾರದ ತನಕ ಎಳೆಯಬಹುದು. ಜೂನ್‌ನಲ್ಲಿ ಸೇರಿಸಿದವರಿಗೆ ದೀಪಾವಳಿವರೆಗೆ ಮೂಗು ಒಣಗಿದ ಒಂದು ವಾರವೂ ಸಿಗದಿದ್ದರೆ ಲೆಕ್ಕ ಸರಿಯಾಗಿಯೇ ಇದೆ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದನ್ನು ಗೆದ್ದ ಮೈಗೆ ಇನ್ನೊಂದು ಹೊಸದೇ.

ಮನೆಯಲ್ಲಿ ಮಾತ್ರ ಮಾತು ಬೇರೆ ದಾರಿ ಹಿಡಿಯುತ್ತದೆ. ‘ಇಮ್ಯುನಿಟಿ ಕಮ್ಮಿ ಇದೆ ಅನ್ಸತ್ತೆ’ ಅನ್ನುವ ಒಂದು ಸಾಲಿನ ಮೇಲೆ ದೊಡ್ಡದೊಂದು ಮಾರುಕಟ್ಟೆಯೇ ನಿಂತಿದೆ. ಈ ವಿಮರ್ಶೆ ಆ ಮಾರುಕಟ್ಟೆಯ ಸಾಮಾನುಗಳದ್ದು: ಆರು ತಿಂಗಳಿಂದ ನಾಲ್ಕು ವರ್ಷದೊಳಗಿನ, ಬೇರೆ ದೊಡ್ಡ ಕಾಯಿಲೆ ಇಲ್ಲದ ಮಗುವಿಗೆ ಮೆಡಿಕಲ್ ಶಾಪಿನಲ್ಲಿ ಮತ್ತು ಆನ್‌ಲೈನ್‌ನಲ್ಲಿ ಸಿಗುವವು. ಕೆಲಸಕ್ಕೆ ಬರುವವು ಬಹುಪಾಲು ಅಗ್ಗದವು.

ಮೊದಲ ಅಂಕ ಸಲೈನ್ ಮೂಗಿನ ಡ್ರಾಪ್ಸ್‌ಗೆ. 0.65% ಉಪ್ಪುನೀರು, ಬೇರೇನಿಲ್ಲ. ಪುಟ್ಟ ಮಕ್ಕಳಿಗೆ ಸಿಂಬಳ ಸೀನಿ ತೆಗೆಯಲು ಬರುವುದಿಲ್ಲ. ಮೂಗು ಕಟ್ಟಿದರೆ ಹಾಲೂ ಇಲ್ಲ, ನಿದ್ದೆಯೂ ಇಲ್ಲ. ಒಂದೊಂದು ಹೊಳ್ಳೆಗೆ 2-3 ಹನಿ ಬಿಟ್ಟು, ಒಂದು ನಿಮಿಷ ಕಾದು, ಸಡಿಲವಾದದ್ದನ್ನು ಎಳೆದು ತೆಗೆಯಬೇಕು. ಹಾಲಿಗೆ ಹತ್ತು ನಿಮಿಷ ಮುಂಚೆ ಮತ್ತು ಮಲಗಿಸುವ ಮುಂಚೆ ಹಾಕಿದರೆ ಉಪಯೋಗ. ಹೊಟ್ಟೆ ತುಂಬಿದ ಮೇಲೆ ಹಾಕಿದರೆ ಕುಡಿದದ್ದೆಲ್ಲ ವಾಂತಿಯಾಗಿ ಹೊರಬರುತ್ತದೆ. ಬಾಟಲಿಯ ತುದಿ ಮೂಗಿಗೆ ತಾಗಬಾರದು, ಅಣ್ಣನ ಬಾಟಲಿ ತಂಗಿಗೆ ಬೇಡ.

ಇಲ್ಲೊಂದು ಗುಂಡಿ ಇದೆ. ಅದೇ ಗಾತ್ರದ, ಅದೇ ಬಿಳಿ ಬಾಟಲಿಯಲ್ಲಿ ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಡ್ರಾಪ್ಸ್ ಕೂಡ ಸಿಗುತ್ತವೆ. ಇವು ಮೂಗಿನ ರಕ್ತನಾಳಗಳನ್ನು ಕುಗ್ಗಿಸುವ ಔಷಧಗಳು. ಎಳೆಯ ಮಗುವಿಗೆ ಹೆಚ್ಚಾದರೆ ಮಂಪರು ಕವಿಯುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಕೆಲವು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಅಂಗಡಿಯವರು ‘ಮೂಗಿನ ಡ್ರಾಪ್ಸ್’ ಎಂದು ಕೊಟ್ಟದ್ದನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳಬೇಡಿ. ಲೇಬಲ್‌ನಲ್ಲಿ ಔಷಧದ ಜಾಗದಲ್ಲಿ ಸೋಡಿಯಂ ಕ್ಲೋರೈಡ್ ಒಂದೇ ಇರಬೇಕು.

ಸಿಂಬಳ ಎಳೆಯುವ ಸಾಧನಗಳಲ್ಲಿ ರಬ್ಬರ್ ಉಂಡೆಯದ್ದು ಅಗ್ಗ. ಆದರೆ ಒಳಗೆ ಸೇರಿದ ನೀರು ಪೂರ್ತಿ ಆರುವುದಿಲ್ಲ, ಬೂಷ್ಟು ಹಿಡಿದರೂ ಕಾಣುವುದಿಲ್ಲ. ಪಾರದರ್ಶಕ ನಳಿಗೆಯಿದ್ದು, ಮಧ್ಯೆ ಫಿಲ್ಟರ್ ಇಟ್ಟು, ದೊಡ್ಡವರು ಬಾಯಿಂದ ಎಳೆಯುವ ಬಗೆಯದ್ದು ನೋಡಲು ಹೇಸಿಗೆ, ಕೆಲಸದಲ್ಲಿ ಉತ್ತಮ. ಭಾಗ ಭಾಗ ಬಿಚ್ಚಿ ಸೋಪಿನಲ್ಲಿ ತೊಳೆಯಬಹುದು. ಬ್ಯಾಟರಿಯವು ದುಬಾರಿ, ಗಟ್ಟಿ ಸಿಂಬಳದ ಮುಂದೆ ಸೋಲುತ್ತವೆ. ಯಾವುದೇ ಆಗಲಿ, ದಿನಕ್ಕೆ 3-4 ಸಲಕ್ಕಿಂತ ಹೆಚ್ಚು ಎಳೆದರೆ ಒಳಪೊರೆ ಊದಿಕೊಂಡು ರಕ್ತ ಬರುತ್ತದೆ.

ಥರ್ಮಾಮೀಟರ್‌ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಂಕುಳಲ್ಲಿಡುವ ಸಾದಾ ಡಿಜಿಟಲ್ ಸಾಕು. ಹಣೆಗೆ ಹಿಡಿಯುವ ಗನ್ ಬೆವರು, ಫ್ಯಾನು, ಬಿಸಿಲಿಗೆ ಮೋಸಹೋಗುತ್ತದೆ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ ಎನ್ನಿ. ಮೂರು ತಿಂಗಳೊಳಗಿನ ಕೂಸಿಗೆ ಅಷ್ಟು ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಪ್ಯಾರಾಸಿಟಮಾಲ್ ಒಳ್ಳೆಯ ಔಷಧ, ಆದರೆ ಈ ಡಬ್ಬಿಯಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದೂ ಇದರಲ್ಲೇ. ಕಾರಣ ಬಾಟಲಿಗಳ ಸಾಂದ್ರತೆ. ನಮ್ಮಲ್ಲಿ ಮೂರು ಬಗೆ ಚಾಲ್ತಿಯಲ್ಲಿವೆ: 1 ಮಿ.ಲೀ.ಗೆ 100 ಮಿ.ಗ್ರಾಂ ಇರುವ ಡ್ರಾಪ್ಸ್, 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ ಇರುವ ಸಿರಪ್, 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್. ಒಂದು ಸಲದ ಪ್ರಮಾಣ ತೂಕದ ಮೇಲೆ, ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. 10 ಕೆ.ಜಿ. ಮಗುವಿಗೆ ಹೆಚ್ಚೆಂದರೆ 150 ಮಿ.ಗ್ರಾಂ. ಅದು ಡ್ರಾಪ್ಸ್‌ನಲ್ಲಿ 1.5 ಮಿ.ಲೀ., 125ರ ಸಿರಪ್‌ನಲ್ಲಿ 6 ಮಿ.ಲೀ., 250ರದ್ದರಲ್ಲಿ 3 ಮಿ.ಲೀ. ಸಿರಪ್ ಮುಗಿದಿದೆ ಎಂದು ಅಜ್ಜಿ ಅದೇ 6 ಮಿ.ಲೀ.ಯನ್ನು ಡ್ರಾಪ್ಸ್ ಬಾಟಲಿಯಿಂದ ಕೊಟ್ಟರೆ 600 ಮಿ.ಗ್ರಾಂ ಹೊಟ್ಟೆಗೆ ಹೋಗುತ್ತದೆ, ಅಂದರೆ ನಾಲ್ಕು ಪಟ್ಟು. ಹಾಗಾಗಿ ಮನೆಯಲ್ಲಿ ಒಂದೇ ಸಾಂದ್ರತೆಯ ಬಾಟಲಿ ಇರಲಿ. ಈಗಿನ ತೂಕಕ್ಕೆ ಎಷ್ಟು ಮಿ.ಲೀ. ಎಂದು ವೈದ್ಯರಿಂದ ಕೇಳಿ ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಅಳೆಯಲು ಚಮಚ ಬೇಡ, ಸಿರಿಂಜ್ ಬಳಸಿ. ಎರಡು ಡೋಸಿನ ನಡುವೆ ಕನಿಷ್ಠ 4 ಗಂಟೆ ಇರಲಿ, 6 ಇದ್ದರೆ ಒಳ್ಳೆಯದು. ದಿನಕ್ಕೆ ನಾಲ್ಕು ಡೋಸ್ ಮೀರುವುದು ಬೇಡ. ನೆಗಡಿಯ ಮಿಶ್ರ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಎರಡನ್ನೂ ಕೊಟ್ಟರೆ ಗೊತ್ತಿಲ್ಲದೆಯೇ ಡೋಸ್ ಇಮ್ಮಡಿ. ಮೆಫೆನಮಿಕ್ ಆಸಿಡ್ ಬೆರೆಸಿದ ಜ್ವರದ ಸಿರಪ್‌ಗಳು ಬೇಗ ಜ್ವರ ಇಳಿಸುತ್ತವೆ ಎಂದು ಜನಪ್ರಿಯ. ಆದರೆ ಡೆಂಗಿ ಹರಡುವ ತಿಂಗಳುಗಳಲ್ಲಿ ಅದೂ ಐಬುಪ್ರೊಫೆನ್ನೂ ರಕ್ತಸ್ರಾವದ ಅಪಾಯ ಹೆಚ್ಚಿಸುವ ಔಷಧಗಳು. ವೈದ್ಯರು ನೋಡದೆ ಕೊಡಬಾರದು. ನಿಮೆಸುಲೈಡ್ ಎಂಬ ಜ್ವರದ ಔಷಧ ಅಂತೂ 12 ವರ್ಷದೊಳಗಿನವರಿಗೆ 2011ರಿಂದಲೇ ನಿಷಿದ್ಧ.

ಕೆಮ್ಮಿನ ಸಿರಪ್‌ಗೆ ಸೊನ್ನೆ ಅಂಕ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ರಾಸಾಯನಿಕ ಬೆರೆತ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಮಕ್ಕಳು ಸತ್ತ ಮೇಲೆ, ಆ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾ ನಿರ್ದೇಶನಾಲಯ ಸೂಚನೆ ಹೊರಡಿಸಿತು: ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಸಿರಪ್ ಬರೆಯುವಂತಿಲ್ಲ, ಐದರ ಕೆಳಗೆ ಸಾಮಾನ್ಯವಾಗಿ ಬೇಡ. ಕಲಬೆರಕೆ ಇಲ್ಲದ ಸಿರಪ್ಪಾದರೂ ಈ ವಯಸ್ಸಿನಲ್ಲಿ ಕೆಮ್ಮು ಕಡಿಮೆ ಮಾಡಿದ್ದಕ್ಕೆ ಒಳ್ಳೆಯ ಪುರಾವೆ ಇಲ್ಲ. ಮಗುವಿಗೆ ಮಂಪರು ಹತ್ತುತ್ತದೆ, ಮನೆಯವರಿಗೆ ನಿದ್ದೆ ಸಿಗುತ್ತದೆ. ವರ್ಷ ತುಂಬಿದ ಮಗುವಾದರೆ ಮಲಗುವಾಗ ಅರ್ಧ ಚಮಚ, ಅಂದರೆ 2.5 ಮಿ.ಲೀ. ಜೇನುತುಪ್ಪ ರಾತ್ರಿಯ ಕೆಮ್ಮಿಗೆ ಇದಕ್ಕಿಂತ ವಾಸಿ. ವರ್ಷದೊಳಗೆ ಜೇನು ನೆಕ್ಕಿಸುವುದೂ ಬೇಡ, ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಭಯವಿದೆ. ಪುಷ್ಯ ನಕ್ಷತ್ರದ ದಿನ ಸ್ವರ್ಣಪ್ರಾಶನ ಹಾಕಿಸುವವರು ಈ ಮಾತು ಗಮನಿಸಬೇಕು. ಅದರಲ್ಲಿ ಸಾಮಾನ್ಯವಾಗಿ ಜೇನು ಇರುತ್ತದೆ.

ಭೇದಿಯ ವಿಷಯಕ್ಕೆ ಬಂದರೆ ಓಆರ್‌ಎಸ್‌ಗೆ ಪೂರ್ತಿ ಅಂಕ, ಆದರೆ ಪುಡಿಗೆ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪಾಕೆಟ್‌ನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಸಕ್ಕರೆಗೂ ಉಪ್ಪಿಗೂ ಈ ಅನುಪಾತ ಇದ್ದರೆ ಕರುಳು ನೀರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಸೇಬು, ಕಿತ್ತಳೆ ಚಿತ್ರದ ಟೆಟ್ರಾಪ್ಯಾಕ್ ಪಾನೀಯಗಳಲ್ಲಿ ಸಕ್ಕರೆ ಎಷ್ಟೋ ಪಾಲು ಹೆಚ್ಚು. ಅದು ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಜಾಸ್ತಿ ಮಾಡುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ) ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಇರಕೂಡದೆಂದು ಆದೇಶಿಸಿತು. ಹೆಸರು ಬದಲಾದರೂ ಸಕ್ಕರೆ ಬದಲಾಗಿರಬೇಕೆಂದೇನಿಲ್ಲ, ಲೇಬಲ್ ಓದಿ.

ಕಲಸುವಾಗ ಪೂರ್ತಿ ಪಾಕೆಟ್ ಪೂರ್ತಿ ನೀರಿಗೆ: ದೊಡ್ಡದು ಒಂದು ಲೀಟರ್‌ಗೆ, ಚಿಕ್ಕದು 200 ಮಿ.ಲೀ.ಗೆ. ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕಿ ಕಲಸಿದರೆ ಗಟ್ಟಿಯಾಗಿ ರಕ್ತದಲ್ಲಿ ಸೋಡಿಯಂ ಏರಬಹುದು. ರುಚಿಗೆಂದು ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಸೇರಿಸಿದರೆ ಅನುಪಾತ ಹಾಳು. ಕಲಸಿದ್ದು 24 ಗಂಟೆ ಮಾತ್ರ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಮೇಲಿನವರಿಗೆ 100ರಿಂದ 200. ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಒಂದೊಂದೇ ಚಮಚ. ಜೊತೆಗೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ ಜಿಂಕ್, 14 ದಿನ. ಭೇದಿ ಮೂರನೇ ದಿನ ನಿಂತಿತೆಂದು ಜಿಂಕ್ ಕೂಡ ನಿಲ್ಲಿಸಿಬಿಡುವುದು ಎಲ್ಲರೂ ಮಾಡುವ ತಪ್ಪು.

ಇಮ್ಯುನಿಟಿ ಗಮ್ಮಿ, ಇಮ್ಯುನಿಟಿ ಸಿರಪ್: ಮಿಠಾಯಿ ಬೆಲೆಗೆ ಮಿಠಾಯಿ ಕೊಳ್ಳಿ. ಓಂಕಾಳು-ಕರ್ಪೂರದ ಗಂಟು ಕೊರಳಿಗೆ ಕಟ್ಟುವುದು ಬೇಡವೇ ಬೇಡ. ಡೇಕೇರ್‌ನಲ್ಲಿ ಇನ್ನೊಂದು ಮಗು ಅದನ್ನು ಬಿಚ್ಚಿ ಬಾಯಿಗೆ ಹಾಕಿಕೊಂಡರೆ, ಸ್ವಲ್ಪ ಕರ್ಪೂರ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಜರ್ ಯಂತ್ರ ಉಬ್ಬಸ ಇದೆಯೆಂದು ವೈದ್ಯರು ಹೇಳಿದ ಮನೆಗೆ ಮಾತ್ರ.

ಕೈ ಸ್ಯಾನಿಟೈಜರ್ ಬಸ್ಸಿನಲ್ಲಿ, ಕಾರಿನಲ್ಲಿ ಸರಿ. ಡೇಕೇರ್‌ನ ವಾಂತಿ-ಭೇದಿಗೆ ಮುಖ್ಯ ಕಾರಣಗಳಲ್ಲೊಂದಾದ ನೋರೋವೈರಸ್, ಹಾಗೇ ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳಿಸುವ ಕೈ-ಕಾಲು-ಬಾಯಿ ರೋಗದ ಎಂಟರೋವೈರಸ್‌ಗಳು ಆಲ್ಕೋಹಾಲ್‌ಗೆ ಸುಲಭವಾಗಿ ಸಾಯುವುದಿಲ್ಲ. ಅಲ್ಲಿ ಬೇಕಾದದ್ದು ಸೋಪು, ಹರಿಯುವ ನೀರು, 20 ಸೆಕೆಂಡು. ಹಾಗಾಗಿ ಡೇಕೇರ್ ನೋಡಲು ಹೋದಾಗ ಸಿಸಿಟಿವಿ, ಗೋಡೆಯ ಚಿತ್ರ ಬಿಟ್ಟು ಸಿಂಕ್ ಹತ್ತಿರ ಹೋಗಿ ನಿಲ್ಲಿ. ಮಗುವಿಗೆ ಎಟುಕುವ ನಲ್ಲಿ ಇದೆಯೇ, ದ್ರವ ಸೋಪು ಇದೆಯೇ? ಎಲ್ಲರಿಗೂ ಒಂದೇ ಟವೆಲ್ ನೇತಾಡುತ್ತಿದ್ದರೆ ತೊಳೆದ ಕೈ ಅಲ್ಲೇ ಮತ್ತೆ ಕೊಳೆ. ಡೈಪರ್ ಬದಲಿಸುವ ಜಾಗ ಅಡುಗೆಮನೆಯಿಂದ ದೂರವಿರಬೇಕು. ಡೈಪರ್ ಬದಲಿಸುವ ಆಯಾ ಊಟ ತಿನ್ನಿಸದಿದ್ದರೆ ಅರ್ಧ ಗೆದ್ದಂತೆ. ಬಾಯಿಗೆ ಹೋದ ಆಟಿಕೆಗೆ ಬೇರೆ ಟಬ್ ಇರಬೇಕು, ಸಂಜೆ ತೊಳೆಯಲು. ಮಧ್ಯಾಹ್ನ ಮಲಗಿಸುವಾಗ ಚಾಪೆಗಳ ನಡುವೆ ಮೂರಡಿ, ಒಬ್ಬರ ತಲೆ ಕಡೆಗೆ ಪಕ್ಕದವರ ಕಾಲು. ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಗೆ ನನ್ನ ಅಂಕ ಕಡಿಮೆ.

ನೆಲಕ್ಕೆ ಏನು ಹಾಕುತ್ತೀರಿ ಎಂದು ಕೇಳಿ. ‘ಫಿನಾಯಿಲ್’ ಎಂಬ ಉತ್ತರ ಬಂದರೆ ವಾಸನೆ ಹೋಗುತ್ತದೆ ಎಂದಷ್ಟೇ ಅರ್ಥ. ವಾಂತಿ, ಭೇದಿ ಬಿದ್ದ ಜಾಗಕ್ಕೆ 0.1% ಬ್ಲೀಚ್ ಬೇಕು: 5% ಸೋಡಿಯಂ ಹೈಪೋಕ್ಲೋರೈಟ್ 20 ಮಿ.ಲೀ., ನೀರು ಸೇರಿ ಒಂದು ಲೀಟರ್. ಮೊದಲು ಗಲೀಜನ್ನು ಬಳಿದು ಸೋಪಿನಿಂದ ಒರೆಸಬೇಕು, ಇಲ್ಲದಿದ್ದರೆ ಕ್ಲೋರಿನ್ ಗಲೀಜಿನ ಮೇಲೇ ಖರ್ಚಾಗುತ್ತದೆ. ಆಮೇಲೆ ಬ್ಲೀಚ್ ಹಾಕಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ನೀರಿನಲ್ಲಿ ಒರೆಸಬೇಕು. ಹಾಕಿದ ತಕ್ಷಣ ಒರೆಸಿಬಿಡುವುದರಿಂದಲೇ ಇದು ಸೋಲುವುದು. ದ್ರಾವಣ ದಿನಾ ಹೊಸದಾಗಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ.

ಕೈ-ಕಾಲು-ಬಾಯಿ ರೋಗದ ಮಾತು ಬಂತಲ್ಲ. 2022ರಲ್ಲಿ ಕೇರಳದ ಕೊಲ್ಲಂನಿಂದ ‘ಟೊಮೆಟೊ ಜ್ವರ’ ಎಂದು ಸುದ್ದಿಯಾಗಿ ಕರ್ನಾಟಕದಲ್ಲೂ ದಿಗಿಲು ಹುಟ್ಟಿಸಿದ್ದು ಇದೇ. ಗುಳ್ಳೆ ಒಣಗಿದ ಮೇಲೂ ವೈರಸ್ ಮಲದಲ್ಲಿ ವಾರಗಟ್ಟಲೆ ಹೊರಬರುತ್ತದೆ. ಅದಕ್ಕೇ ‘ಏಳು ದಿನ ಕಳಿಸಬೇಡಿ’ ಎನ್ನುವ ನಿಯಮಕ್ಕಿಂತ ಡೈಪರ್ ಬದಲಿಸಿದ ಕೈ ತೊಳೆಯುವುದು ಹೆಚ್ಚು ಕೆಲಸ ಮಾಡುತ್ತದೆ. ಕೆಲವು ವಾರ ಬಿಟ್ಟು ಮಗುವಿನ ಉಗುರು ಕಳಚಿದರೆ ಗಾಬರಿ ಬೇಡ, ಹೊಸದು ಬರುತ್ತದೆ.

ಕಾಯಿಲೆ ನಿಯಮ ಬರೆದು ಕೊಡುವ ಡೇಕೇರ್‌ಗೆ ಹೆಚ್ಚು ಅಂಕ. ಪ್ಯಾರಾಸಿಟಮಾಲ್ ಇಲ್ಲದೆ 24 ಗಂಟೆ ಜ್ವರ ಬಾರದಿರಬೇಕು, ಕೊನೆಯ ವಾಂತಿ-ಭೇದಿಯಿಂದ 48 ಗಂಟೆ ಕಳೆದಿರಬೇಕು, ಚಿಕನ್‌ಪಾಕ್ಸ್ ಗುಳ್ಳೆಗಳೆಲ್ಲ ಹಕ್ಕಳೆ ಕಟ್ಟಿರಬೇಕು. ಬರೀ ಮೂಗು ಸೋರಿದ್ದಕ್ಕೆ ವಾಪಸ್ ಕಳಿಸುವ ಕಡೆ ಲಾಭವಿಲ್ಲ. ಲಕ್ಷಣ ಕಾಣುವ ಮೊದಲೇ ವೈರಸ್ ಹರಡಿರುತ್ತದೆ. ರಜೆ ಸಿಗದ ಅಪ್ಪ-ಅಮ್ಮ ಬೆಳಿಗ್ಗೆ ಎಂಟಕ್ಕೆ ಜ್ವರದ ಔಷಧ ಕುಡಿಸಿ ಬಿಟ್ಟುಹೋಗುತ್ತಾರೆ, ಹನ್ನೆರಡೂವರೆಗೆ ಫೋನ್ ಬರುತ್ತದೆ.

ಇಷ್ಟೆಲ್ಲ ಸಾಮಾನು ಇದ್ದರೂ ಕೆಲವಕ್ಕೆ ಡಬ್ಬಿ ತೆರೆಯಬಾರದು. ಮಗು ಸುಮ್ಮನೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ: ವರ್ಷದೊಳಗೆ 50, ವರ್ಷದ ಮೇಲೆ 40 ಮುಟ್ಟಿದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಂಡಿ ಬೀಳುತ್ತಿದ್ದರೆ, ಏನೂ ಕುಡಿಯದಿದ್ದರೆ, ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಫಿಟ್ಸ್ ಬಂದರೆ ನೇರ ಆಸ್ಪತ್ರೆ. ಸಿಂಬಳ ಹಸಿರಾಯಿತೆಂದು ಹಳೆಯ ಆಂಟಿಬಯಾಟಿಕ್ ಬಾಟಲಿ ಅಲ್ಲಾಡಿಸುವುದು ಬೇಡ, ವೈರಸ್ ನೆಗಡಿಯಲ್ಲೂ ಸಿಂಬಳ ಹಸಿರಾಗುತ್ತದೆ.

ದೊಡ್ಡ ಮೊತ್ತ ಖರ್ಚು ಮಾಡುವುದೇ ಆದರೆ ಲಸಿಕೆಗೆ ಮಾಡಿ. ಭೇದಿ ತರುವ ರೋಟಾವೈರಸ್‌ನ ಲಸಿಕೆ (6, 10, 14ನೇ ವಾರ) ಮತ್ತು ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ವಿರುದ್ಧದ ನ್ಯುಮೋಕಾಕಲ್ ಲಸಿಕೆ (6, 14ನೇ ವಾರ, 9ನೇ ತಿಂಗಳು) ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಫ್ಲೂ ಮತ್ತು ಚಿಕನ್‌ಪಾಕ್ಸ್ ಲಸಿಕೆಗೆ ಕೈಯಿಂದ ಕೊಡಬೇಕು. ಫ್ಲೂ ಲಸಿಕೆ ಆರು ತಿಂಗಳು ತುಂಬಿದ ಮೇಲೆ, ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಮಾಮೂಲಿ ನೆಗಡಿಗಳನ್ನು ಅದು ತಡೆಯುವುದಿಲ್ಲ, ಐದು ದಿನ ಸುಡುವ ಆ ಒಂದು ಜ್ವರವನ್ನೂ ಅದರಿಂದ ಬರುವ ನ್ಯುಮೋನಿಯಾವನ್ನೂ ಕಡಿಮೆ ಮಾಡುತ್ತದೆ. ಜೂನ್‌ನಲ್ಲಿ ಡೇಕೇರ್ ಸೇರಿಸುವವರು ಮೊದಲ ಡೋಸ್ ಏಪ್ರಿಲ್‌ನಲ್ಲೇ ಹಾಕಿಸಿದರೆ, ಮಳೆ ಹಿಡಿಯುವ ಹೊತ್ತಿಗೆ ಎರಡೂ ಮುಗಿದಿರುತ್ತವೆ.